ಬಿಡಿಸದ ಮಡಿಕೆಗಳು

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನಾನು ಹಳೆಯ ಪುಸ್ತಕದ ಅಂಗಡಿಯಲ್ಲಿದ್ದೆ. ಸಾಯುವ ಮೊದಲು ಒಮ್ಮೆ ಹಾಡಬೇಕೆಂದು ಅವನು ವರ್ಷಗಟ್ಟಲೆ ಹುಡುಕುತ್ತಿದ್ದ ಹಾಡಿನ ಸ್ವರಲಿಪಿಯ ಪುಸ್ತಕ ಆಗಷ್ಟೇ ನನ್ನ ಕೈಗೆ ಸಿಕ್ಕಿತ್ತು.

“ಯಜಮಾನ್ರೇ, ಇದನ್ನ ಯಾರೂ ತೆರೆದೇ ಇಲ್ಲ. ನೋಡಿ, ಮಡಿಕೆ ಕೂಡ ಬಿಡಿಸಿಲ್ಲ,” ಎಂದು ಅಂಗಡಿಯವನು ತೋರಿಸುತ್ತಿದ್ದ. ಹಳೆಯ ಕಾಲದ ಮುದ್ರಣದಲ್ಲಿ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಇರುತ್ತಿದ್ದವು. ಕೊಂಡವರೇ ಚಾಕುವಿನಿಂದ ಬಿಡಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು.

ಮಣ್ಣು ಮಾಡಿ ಬಂದ ಮೇಲೆ, ಅತ್ತಿಗೆಯ ಎದುರಿಗೇ ಮೊದಲ ಮಡಿಕೆ ಬಿಡಿಸಿದೆ. ಅಣ್ಣ ಸದಾ ಬಾಯಲ್ಲಿಟ್ಟುಕೊಳ್ಳುತ್ತಿದ್ದ ಲವಂಗದ ವಾಸನೆ ಬಂತು. ಕಾಗದ ಬೆಚ್ಚಗಿತ್ತು.

“ನಿನ್ನ ಕೈಯೇ ಬಿಸಿ ಕಣಪ್ಪ,” ಎಂದರು ಅತ್ತಿಗೆ.

“ನೀವೇ ಮುಟ್ಟಿ ನೋಡಿ.”

ಮುಟ್ಟಿದವರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಸ್ವರಗಳ ಮೇಲೆ ಪೆನ್ಸಿಲ್ಲಿನ ಸಣ್ಣ ಕೊಕ್ಕೆಗಳಿದ್ದವು. ಹಾಡುವಾಗ ಉಸಿರು ತೆಗೆದುಕೊಳ್ಳಬೇಕಾದ ಕಡೆಯಲ್ಲೆಲ್ಲ ಅಣ್ಣ ಹಾಕಿಕೊಳ್ಳುತ್ತಿದ್ದ ಗುರುತು ಅದು. ಅವನಿಗೆ ದಮ್ಮಿನ ಕಾಯಿಲೆ.

“ಅವರದೇ. ಎರಡು ಸ್ವರಕ್ಕೊಂದು ಕೊಕ್ಕೆ ಇನ್ಯಾರು ಹಾಕ್ತಾರೆ? ಹಾಡೋದಕ್ಕಿಂತ ಏದುಸಿರೇ ಜಾಸ್ತಿ ಅಂತ ಗೇಲಿ ಮಾಡ್ತಿದ್ದೆ,” ಎಂದು ಅತ್ತಿಗೆ ಅಳುತ್ತಲೇ ನಕ್ಕರು.

ಸವರಿದರೆ ಪೆನ್ಸಿಲ್ಲಿನ ಕಪ್ಪು ಬೆರಳಿಗೆ ಹತ್ತಿತು. ನನಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಗಿ, ಉಳಿದ ಮಡಿಕೆಗಳನ್ನೂ ಒಂದೊಂದಾಗಿ ಬಿಡಿಸುತ್ತಾ ಹೋದೆ. ಪುಟ ಮುಂದೆ ಹೋದಂತೆ ಕೊಕ್ಕೆಗಳು ವಿರಳವಾದವು. ಕೊನೆಯ ಪುಟದ ತುಂಬ ಉದ್ದುದ್ದ ಎಳೆಯುವ ಸ್ವರಗಳು. ಗಟ್ಟಿ ಎದೆಯವರಿಗೂ ನಾಲ್ಕಾರು ಕಡೆ ಉಸಿರು ಬೇಕು. ಅಲ್ಲಿ ಒಂದೂ ಕೊಕ್ಕೆ ಇರಲಿಲ್ಲ.

ದೇವರೇ, ನಮ್ಮಣ್ಣನನ್ನು ನಿನ್ನ ಬಳಿ ನೆಮ್ಮದಿಯಾಗಿ ಇಟ್ಟುಕೋ.