ಒಂಟಿ ಮೀಸೆಯ ಡಾನ್ ಮತ್ತು ಚಟ್ನಿ ಡಬ್ಬಿ

ನನ್ನ ಹೆಸರು ಅಂಬರೀಷ. ನೆನಪಿಟ್ಟುಕೋ ಗುರು! ಬಸವಕಲ್ಯಾಣದಲ್ಲಿ ಆರು ಕಾಲಿರುವ ಯಾವನೂ ನನ್ನ ಕೈಯಿಂದ ಜೀವಂತ ಪಾರಾಗಿಲ್ಲ.

ಆವತ್ತು ಅವನು ನನ್ನೆದುರೇ ನಿಂತಿದ್ದ. ಗ್ಯಾಸ್ ಕಟ್ಟೆಯ ಮೇಲೆ. ಕಂದು ಕೋಟು... ಒಂದು ಮೀಸೆ ಮುರಿದಿತ್ತು.

ಜಿರಳೆ!

ನನ್ನ ಕೈಯಲ್ಲಿ ಎಂಟನೇ ನಂಬರಿನ ಚಪ್ಪಲಿ. ಫುಲ್ ಲೋಡ್!

ಹತ್ತು ದಿನದ ಗ್ಯಾಂಗ್‌ವಾರ್ ಅದು. ಮೂಲೆಮೂಲೆಗೂ ಬೋರಿಕ್ ಪೌಡರ್, ಸಕ್ಕರೆ ಕಲಸಿ ಇಟ್ಟಿದ್ದೆ. ಗ್ಯಾಂಗ್ ಖತಂ. ಉಳಿದವನು ಇವನೊಬ್ಬ.

"ಅಂಬ್ರ್ಯಾ!" ಬಾಗಿಲ ಸಂದಿಯಿಂದ ಅವ್ವನ ಪಿಸುಮಾತು. "ಸೋನುಬಾಯಿ ಅಡಗಿಮನಿ ನೋಡ್ತಾರಂತ. ಒಂದ ಜಿರಳಿ ಕಂಡ್ರ ರೊಟ್ಟಿ ಆರ್ಡರ್ ಹೋತು ನೋಡ!"

ಸೋನುಬಾಯಿ ಹುಮನಾಬಾದಿನಲ್ಲಿ ಖಾನಾವಳಿ ನಡೆಸುವಾಕೆ. ಆಗ ನಮ್ಮ ಪಡಸಾಲೆಯಲ್ಲೇ ಕೂತಿದ್ದಳು. ಆಕೆಗೆ ದಿನಾ ಇನ್ನೂರು ಖಡಕ್ ರೊಟ್ಟಿ ಬೇಕು. ಅವ್ವ ಆರು ತಿಂಗಳು ಬೆನ್ನುಹತ್ತಿ ತಂದ ಕೆಲಸ.

"ಟೆನ್ಶನ್ ಬ್ಯಾಡ ಅವ್ವಾ. ನಿನ್ನ ಮಗ ಎಂಟ್ರಿ ಕೊಟ್ಟ ಅಂದ್ರ ಇಂಟರ್ವಲ್ ಇರಂಗಿಲ್ಲ... ಡೈರೆಕ್ಟ್ ಕ್ಲೈಮ್ಯಾಕ್ಸ್!"

"ಡೈಲಾಗ್ ಸಾಕು, ಹೊಡಿಯೋ ಹುಚ್ಚಾ!"

ಬೀಸಿದೆ. ಮಿಸ್!

ಡಾನ್ ಸಿಂಕ್ ದಾಟಿದ. ಮಸಾಲೆ ಡಬ್ಬಿಗಳ ಹಿಂದೆ ನುಗ್ಗಿದ. ಪಕ್ಕದಲ್ಲಿ ಸೋನುಬಾಯಿ ಶೇಂಗಾ ಚಟ್ನಿ ತಂದಿದ್ದ ಸ್ಟೀಲ್ ಡಬ್ಬಿ. ಅವ್ವ ಚಟ್ನಿ ತೆಗೆದು ಖಾಲಿ ಮಾಡಿ, ಮುಚ್ಚಳ ಅರ್ಧ ತೆರೆದು ಇಟ್ಟಿದ್ದಳು.

ಡಾನ್ ನೇರ ಅದರೊಳಗೆ!

ಟಪ್! ಮುಚ್ಚಳ ಬಿತ್ತು. ಅರೆಸ್ಟ್!

ಮರುಕ್ಷಣ ಸೋನುಬಾಯಿ ಒಳಗೆ ಬಂದಳು. ಕಟ್ಟೆ ನೋಡಿದಳು. ಹಿಟ್ಟಿನ ಡಬ್ಬಿ ಇಣುಕಿದಳು. ಸಿಂಕಿನ ಅಂಚು ಬೆರಳಿಂದ ಸವರಿದಳು.

"ಛಲೋ ಇಟ್ಟೀರಿ ಅಕ್ಕಾರ. ನಾಳಿಂದ ಕಳಸ್ರಿ. ನಮ್ಮ ಡಬ್ಬಿ ಕೊಡ್ರಿ, ಬಸ್ಸಿಗಿ ಟೈಮ್ ಆತು."

"ಅಯ್ಯ, ಖಾಲಿ ಡಬ್ಬಿ ಹ್ಯಾಂಗ ಕೊಡೂದ್ರಿ?"

ಅವ್ವ ಸಕ್ಕರೆಗೆ ಕೈ ಹಾಕಿದಳು! ನಮ್ಮ ಕಡೆ ತುಂಬಿ ಬಂದ ಡಬ್ಬಿ ಬರಿದಾಗಿ ಹೋಗುವಂತಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಬೇಕು.

ಮುಚ್ಚಳ ತೆರೆದರೆ... ಆರ್ಡರ್ ಢಮಾರ್!

"ಸಕ್ರಿ ಯಾಕ ಅವ್ವಾ?" ಡಬ್ಬಿ ಕಸಿದುಕೊಂಡೆ. ಮುಚ್ಚಳದ ಮೇಲೇ ಹತ್ತು ರೊಟ್ಟಿ ಪೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿದೆ. "ರೊಟ್ಟಿ ಒಯ್ರಿ ಮೌಶಿ. ಡಬ್ಬಿ ಖಾಲಿ ಕೊಟ್ಟಂಗ ಆಗಂಗಿಲ್ಲ."

ಅದು ಮಾತ್ರ ಸುಳ್ಳಲ್ಲ.

ಮಧ್ಯಾಹ್ನ ಫೋನು. ಅವ್ವ ಸ್ಪೀಕರ್ ಒತ್ತಿದಳು.

"ಅಕ್ಕಾರ... ಡಬ್ಬ್ಯಾಗ ಜಿರಳಿ ಇತ್ರಿ."

ನಾನು ಫಿನಿಶ್!

"ನಮ್ಮ ಖಾನಾವಳಿದೇ ಇರಬೇಕ್ರಿ. ಚಟ್ನಿ ಜೋಡಿ ನಿಮ್ಮನಿತನಕ ಬಂದದ. ಯಾರ ಮುಂದನೂ ಅನಬ್ಯಾಡ್ರಿ, ಕೈ ಮುಗಿತೀನಿ. ಇನ್ನೂರಲ್ಲ... ಮುನ್ನೂರು ಕಳಸ್ರಿ!"

ಅವ್ವ ಫೋನ್ ಇಟ್ಟಳು. ನನ್ನನ್ನು ನೋಡಿದಳು. ಚಪ್ಪಲಿ ಎತ್ತಿಕೊಂಡಳು. ಈ ಸಲ ಟಾರ್ಗೆಟ್ ಜಿರಳೆಯಲ್ಲ.

ಸರಿ... ನಿಜ ಹೇಳಿಬಿಡುತ್ತೇನೆ.

ಮುಚ್ಚಳ ಹಾಕಿದ್ದು ನಾನಲ್ಲ. ಅವನು ರೆಕ್ಕೆ ಬಿಚ್ಚಿದ. ನಾನು ಒಂದೇ ನೆಗೆತಕ್ಕೆ ಜೋಳದ ಡ್ರಮ್ ಹತ್ತಿದೆ. ಮೊಣಕೈ ತಾಗಿ ಮುಚ್ಚಳ ತಾನೇ ಬಿತ್ತು. ಗ್ಯಾಂಗ್ ಖತಂ ಅಂದದ್ದೂ ಬರೀ ಬಿಲ್ಡಪ್. ಡಾನ್ ಒಬ್ಬನೇ ಹುಮನಾಬಾದಿಗೆ ಹೋದ. ಅವನ ಹೆಂಡತಿ ಮಕ್ಕಳು ಈಗಷ್ಟೇ ಗ್ಯಾಸ್ ಕಟ್ಟೆಯ ಕೆಳಗಿಂದ ಹೊರಬಂದರು.

ನಾನು ಎಲ್ಲಿಂದ ಮಾತಾಡುತ್ತಿದ್ದೇನೆ ಅಂದುಕೊಂಡೆ ಗುರು? ಮತ್ತೆ ಅದೇ ಡ್ರಮ್ ಮೇಲಿಂದ!