ಎಕೋ ಪೆಟ್ಟಿಗೆಯಲ್ಲಿ ಉಳಿದದ್ದು

ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಿಪೇರಿ ಮಾಡಿ ಕಳಿಸಿದ, ಸದ್ದನ್ನು ಮೊಳಗಿಸುವ ರಿವರ್ಬ್ ಪೆಟ್ಟಿಗೆಯನ್ನು ಒಬ್ಬ ಮನುಷ್ಯ ಬೂಟುಗಾಲಲ್ಲಿ ಒದೆಯುತ್ತಿದ್ದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ಅವಳಿಗೂ ಏರಿತು. ಸ್ಟುಡಿಯೋ ಬಾಗಿಲು ತೆಗೆದವಳು ಟೂಲ್ ಬ್ಯಾಗು ಕೆಳಗಿಟ್ಟಳು, ನೆಟ್ಟಗೆ ಅವನ ಹತ್ತಿರ ಹೋದಳು, ಕೆನ್ನೆಗೊಂದು ಬಿಟ್ಟಳು.

ಅವನು ಸಿಟ್ಟಾಗಲಿಲ್ಲ. ಕೆನ್ನೆ ಹಿಡಿದುಕೊಂಡೇ ಮೈಕು ಆನ್ ಇದೆಯೆಂದು ಬೆರಳು ತೋರಿಸಿ, ಸದ್ದು ಪೂರ್ತಿ ಅಡಗುವವರೆಗೂ ತುಟಿ ಬಿಚ್ಚದೆ ಕಾದ. ಆಮೇಲೆ ರೆಕಾರ್ಡ್ ಆದದ್ದನ್ನು ಅವಳಿಗೆ ಕೇಳಿಸಿದ. ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳು ಒದೆ ತಿಂದು ಗುಡುಗಿದ್ದವು. ನಿಜವಾದ ಗುಡುಗು ಕೂಡ ಅಷ್ಟು ಕಿವಿಯ ಹತ್ತಿರ ಸಿಡಿಯುವುದಿಲ್ಲ.

"ಗುಡುಗು ಬೇಕಂದ್ರೆ ಇದನ್ನ ಒದೀಲೇಬೇಕು ಮೇಡಂ," ಅಂದ. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅವಳಿಗೆ ಎಲ್ಲಿಂದ ಗೊತ್ತಿರಬೇಕು? ಯಾವ ತಂತಿ ಎಲ್ಲಿಗೆ ಸೇರುತ್ತದೆ ಎಂಬುದು ಅವಳ ವಿದ್ಯೆ, ಆ ತಂತಿಯಿಂದ ತುಂಟತನ ಮಾಡಿಸುವುದು ಅವನ ವಿದ್ಯೆ. ಮುಖ ಕೆಂಪಾದರೂ ಸೋಲೊಪ್ಪುವ ಪೈಕಿ ಅವಳಲ್ಲ. ಇನ್ನು ಮುಂದೆ ಒದೆಯುವುದಿದ್ದರೆ ಬೂಟು ಬಿಚ್ಚಿ ಒದೆಯಬೇಕೆಂದು ತಾಕೀತು ಮಾಡಿ ಹೊರಟಳು. ಬಾಗಿಲಲ್ಲಿ ತಿರುಗಿ ನೋಡಿದರೆ ಅವನು ನಿಜವಾಗಿಯೂ ಬಗ್ಗಿ ಲೇಸು ಬಿಚ್ಚುತ್ತಿದ್ದ. ನಗು ತಡೆಯಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು.

ಅವನು ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡುವವನು. ಎಲ್ಲರೂ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವ ಕಾಲದಲ್ಲಿ ಈ ಪುಣ್ಯಾತ್ಮ ತನ್ನಷ್ಟೇ ವಯಸ್ಸಾದ ಸಿಂಥಸೈಜರುಗಳ ನಡುವೆ ಕೂತಿರುತ್ತಿದ್ದ. ಕೊರಳಲ್ಲಿ ಸದಾ ನಾಲ್ಕು ಕೇಬಲ್ಲು ಜೋತಾಡುತ್ತಿದ್ದ ಕಾರಣ ಸ್ಟುಡಿಯೋದವರು ಅವನಿಗೆ ವೈರಪ್ಪ ಎಂದು ಹೆಸರಿಟ್ಟಿದ್ದರು. ಅವಳಿಗೆ ಇಟ್ಟಿದ್ದು ರಿಪೇರಿ ಮೇಡಂ. ಹಳೆಯ ಯಂತ್ರಗಳೆಂದರೆ ದಿನಕ್ಕೊಂದು ರಗಳೆ, ಹಾಗಾಗಿ ದಿನಕ್ಕೊಂದು ಭೇಟಿ. ಕೆಲವು ರಗಳೆಗಳನ್ನು ಅವನೇ ಹುಟ್ಟುಹಾಕುತ್ತಿದ್ದನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಗಿಯಾಗಿದ್ದ ಸ್ಕ್ರೂ ತಾನಾಗಿ ಸಡಿಲಾಗುತ್ತದೆಯೇ?

ಬೆಳಗಿನ ಚಳಿಗೆ ದೊಡ್ಡ ಸಿಂಥಸೈಜರಿನ ಶ್ರುತಿ ಇಳಿದುಹೋಗುತ್ತಿತ್ತು. ಅವನು ಅದಕ್ಕೆ ತನ್ನ ಶಾಲು ಹೊದಿಸಿ, ಮಗುವನ್ನು ಏಳಿಸುವವನ ಹಾಗೆ ಕಾಯುತ್ತಿದ್ದ. ಒಂದು ದಿನ ಅವಳು ನಡುಗುತ್ತಾ ಬಂದಾಗ ಶಾಲನ್ನು ತೆಗೆದು ಅವಳಿಗೇ ಹೊದಿಸಿದ. ಇನ್ನು ನಿಮ್ಮ ಯಂತ್ರ ಶ್ರುತಿ ತಪ್ಪುತ್ತದಲ್ಲ ಎಂದಳು. ತಪ್ಪಲಿ ಬಿಡಿ ಎಂದ. ಆ ದಿನ ಅವಳು ಬೇಕೆಂದೇ ಹತ್ತು ನಿಮಿಷದ ಬೆಸುಗೆಗೆ ಒಂದು ಗಂಟೆ ತೆಗೆದುಕೊಂಡಳು.

ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಮನೆಯಲ್ಲಿ ಅಣ್ಣ ಇದ್ದ.

ಅಣ್ಣ ಸಿನಿಮಾದವರೆಲ್ಲ ಕೈ ಮುಗಿಯುವ ಫೈಟ್ ಮಾಸ್ಟರ್. ಅವನು ತರಬೇತಿ ಕೊಟ್ಟ ಫೈಟರುಗಳು ತೆರೆಯ ಮೇಲೆ ಹೊಡೆಯುವ ಒಂದು ಏಟೂ ಮೈಗೆ ತಾಗುವುದಿಲ್ಲ, ಅಷ್ಟು ನಾಜೂಕು ಕೆಲಸ. ಮನೆಯಲ್ಲಿ ಅವನು ಹೊಡೆಯುವುದೆಲ್ಲ ತಾಗುತ್ತಿತ್ತು. ಊಟ ತಡವಾದರೆ ಏಟು, ಫೋನು ಎತ್ತದಿದ್ದರೆ ಏಟು. ಪಕ್ಕದ ಕೋಣೆಯಲ್ಲಿ ಅಮ್ಮ ಟಿವಿಯ ಸೌಂಡು ಏರಿಸುತ್ತಿದ್ದಳು. ಮರುದಿನ ಕೇಳಿದರೆ, ನನಗೇನೂ ಕೇಳಿಸಲಿಲ್ಲ, ಅವನ ಬಾಯಿ ಜೋರು, ಮನಸ್ಸು ಒಳ್ಳೆಯದು ಎಂದು ಅದೇ ಮಗಳ ಕೆನ್ನೆಗೆ ಐಸು ಒತ್ತುತ್ತಿದ್ದಳು. ಮಗ ಬೇಡವೆಂದು ಅಮ್ಮ ಹೇಳುವ ಹಾಗಿಲ್ಲ, ಅಮ್ಮನನ್ನು ಅವನ ಕೈಗೆ ಬಿಟ್ಟು ಮಗಳು ಹೊರಡುವ ಹಾಗಿಲ್ಲ. ಇತ್ತೀಚೆಗೆ ಅಣ್ಣ ಹೊಸ ಮಾತು ಹಿಡಿದಿದ್ದ. ಈ ಬೆರಳಿದ್ದರೆ ತಾನೇ ನೀನು ಹೊರಗೆ ಹೋಗಿ ಮೆರೆಯೋದು, ಒಂದು ದಿನ ಮುರಿದು ಹಾಕ್ತೀನಿ ಎನ್ನುತ್ತಿದ್ದ. ಆಡಿದ್ದನ್ನು ಮಾಡುವ ಪೈಕಿ ಅವನು. ಬೆರಳು ಹೋದರೆ ಅವಳ ಕೆಲಸ ಹೋಯಿತು. ಕೆಲಸ ಹೋದರೆ ಆ ಮನೆಯಿಂದ ಆಚೆ ಹೋಗುವ ದಾರಿಯೇ ಮುಚ್ಚಿತು.

ಇದ್ಯಾವುದನ್ನೂ ಅವಳು ಸ್ಟುಡಿಯೋದಲ್ಲಿ ಹೇಳಿರಲಿಲ್ಲ.

ಆ ವರ್ಷ ಅವನ ಕೈಯಲ್ಲಿದ್ದದ್ದು ಹನ್ನೊಂದು ಫೈಟುಗಳ ಸಿನಿಮಾ. ಫೈಟ್ ಮಾಸ್ಟರ್ ಅವಳ ಅಣ್ಣನೇ. ಕೇಳುವವರ ಹಲ್ಲು ನೋಯುವಂಥ ಏಟು ಬೇಕು ಎಂದು ಡೈರೆಕ್ಟರು ಪಟ್ಟು ಹಿಡಿದಿದ್ದರು. ವೈರಪ್ಪ ಸಿಂಥಸೈಜರಿನ ಮಂದ್ರ ಸ್ವರವನ್ನು ಒಮ್ಮೆಗೇ ಪಾತಾಳಕ್ಕೆ ಇಳಿಸಿ ನೋಡಿದ. ಫಿಲ್ಟರಿನಲ್ಲಿ ಗಾಳಿಯ ಸದ್ದನ್ನು ಸೋಸಿ ಅದಕ್ಕೆ ಬೆರೆಸಿದ. ಎಲ್ಲ ಕೇಳಿ ಅವಳು, ತಲೆದಿಂಬಿಗೆ ಹೊಡೆದ ಹಾಗಿದೆ ಎಂದಳು.

"ಏಟಿಗಿಂತ ಮೊದಲು ಒಂದು ಉಸಿರು ಒಳಗೆ ಹೋಗುತ್ತೆ," ಅಂದಳು. "ಹೊಡೆಸ್ಕೊಳ್ಳೋರ ಉಸಿರು. ನಿಮ್ಮದ್ರಲ್ಲಿ ಅದಿಲ್ಲ."

ಅವನು ಅವಳನ್ನೇ ನೋಡುತ್ತಾ ಕೂತ. ಅವಳು ಬಿದ್ದೇ ಇರದ ಸ್ಕ್ರೂ ಹುಡುಕಲು ಬಗ್ಗಿದಳು.

ಆ ವಾರ ಸದ್ದಿಗೆ ಪ್ರತಿಧ್ವನಿ ಕೊಡುವ ಟೇಪ್ ಎಕೋ ಪೆಟ್ಟಿಗೆ ಕೆಟ್ಟಿತು. ಅದರೊಳಗೆ ಟೇಪಿನ ಒಂದು ಮಾಲೆ ಸುತ್ತುತ್ತಲೇ ಇರುತ್ತದೆ. ಒಂದು ಹೆಡ್ಡು ಹಳೆಯ ಸದ್ದನ್ನು ಅಳಿಸುತ್ತದೆ, ಮುಂದಿನದು ಹೊಸ ಸದ್ದನ್ನು ಬರೆಯುತ್ತದೆ, ಅದರ ಮುಂದಿನದು ಓದಿ ಹೇಳುತ್ತದೆ. ಅವಳು ಅದನ್ನು ಮನೆಗೆ ತಂದಳು. ಅವನೇ ಸ್ಕೂಟರಿನಲ್ಲಿ ಬಿಟ್ಟು ಹೋದ. ತಿರುವಿನಲ್ಲಿ ಅವಳು ಅವನ ಭುಜ ಹಿಡಿದು ನಗುತ್ತಿದ್ದದ್ದನ್ನು ಅಣ್ಣ ಬಾಲ್ಕನಿಯಿಂದ ನೋಡಿದ.

ಅವಳು ಹೊಸ ಟೇಪು ಹಾಕಿ, ಮೈಕು ಸಿಕ್ಕಿಸಿ, ಯಂತ್ರ ಓಡಲು ಬಿಟ್ಟು ಪರೀಕ್ಷಿಸುತ್ತಿದ್ದಳು. ಅಳಿಸುವ ಹೆಡ್ಡಿನ ವೈರಿಗೆ ಬೆಸುಗೆ ಇನ್ನೂ ಬಾಕಿ ಇತ್ತು. ಬಾಗಿಲು ತೆರೆಯಿತು. ಆದದ್ದನ್ನು ವಿವರಿಸಲು ನನಗೂ ಇಷ್ಟವಿಲ್ಲ. ಮೂರು ಏಟು. ಸ್ಕ್ರೂ ಡಬ್ಬಿ ನೆಲಕ್ಕೆ ಬಿತ್ತು. ಕೊನೆಗೆ ಅಣ್ಣ ಪ್ಲಗ್ಗು ಕಿತ್ತೆಸೆದು ಹೋದ. ಬೆಳಗ್ಗೆ ಸ್ಟುಡಿಯೋದ ಗಾಡಿ ಬಂದಾಗ ಅವಳು ಒಂದೇ ಕಣ್ಣಲ್ಲಿ ನೋಡುತ್ತಾ ಮುಚ್ಚಳ ಬಿಗಿದು ಕೊಟ್ಟಳು. ಆ ವೈರು ಹಾಗೇ ಉಳಿಯಿತು. ವಾರ ಪೂರ್ತಿ ಹಲ್ಲುನೋವು ಎಂದು ಫೋನಿನಲ್ಲಿ ಸುಳ್ಳು ಹೇಳಿದಳು.

ಎಂಟನೆಯ ದಿನ ಹೋದರೆ ಅವನ ಮುಖದಲ್ಲಿ ಹಬ್ಬ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಕಳಿಸಿದ ಗಿಫ್ಟು ಸಿಕ್ಕಿತು ಎಂದ. ಯಾವ ಗಿಫ್ಟು ಎಂದು ಕೇಳುವಷ್ಟರಲ್ಲಿ ಸ್ಪೀಕರು ಶುರುವಾಯಿತು.

ಮೊದಲ ಏಟು ಅವಳ ಎದೆಗೇ ಬಿತ್ತು. ಆಳದಿಂದ ಬಂದು, ಮೂಳೆಗೆ ತಾಗಿ, ನಿಧಾನವಾಗಿ ಕುಸಿಯುವ ಏಟು. ಅದಕ್ಕೆ ಮುಂಚೆ ಒಂದು ಉಸಿರು ಒಳಗೆ ಹೋಯಿತು. ಏಟಿನ ಹಿಂದೆ ಸಣ್ಣ ಗಂಟೆಗಳು ಉದುರಿದ ಹಾಗೆ ಸದ್ದು. ಆಮೇಲೆ ಕಹಳೆಯಂಥ ಒಂದು ಗೋಳು, ಅದರ ಮೇಲೆ ಅವನು ಸಿಂಥಸೈಜರಿನಲ್ಲಿ ಎಳೆಎಳೆಯಾಗಿ ಕಟ್ಟಿದ ರಾಗ. ಹತ್ತು ವರ್ಷದಿಂದ ಹುಡುಕುತ್ತಿದ್ದ ಸದ್ದಿದು, ಎಂದಿನಂತೆ ಎಕೋವನ್ನು ಅರ್ಧ ವೇಗಕ್ಕಿಟ್ಟು ಆನ್ ಮಾಡಿದ ಕೂಡಲೇ ಸಿಕ್ಕಿತು, ರಾಗ ಕಟ್ಟಿದ್ದಷ್ಟೇ ನನ್ನ ಕೆಲಸ ಎಂದು ಅವನು ಹೇಳುತ್ತಲೇ ಇದ್ದ.

ಅವಳಿಗೆ ಗಂಟೆಗಳ ಗುರುತು ಸಿಕ್ಕಿತು. ಅವು ಅವಳ ಸ್ಕ್ರೂಗಳು. ಅಳಿಸುವ ಹೆಡ್ಡು ಕೆಲಸ ಮಾಡದ ಎಕೋ ಅವತ್ತಿನದನ್ನು ಹಾಗೇ ಉಳಿಸಿಕೊಂಡಿತ್ತು.

"ಮಾಮೂಲಿ ಸ್ಪೀಡಲ್ಲಿ ಹಾಕಿ," ಅಂದಳು.

ಅವನು ನಗುತ್ತಲೇ ಹಾಕಿದ. ಏಟು ಚಿಕ್ಕದಾಗಿ ಚುರುಕಾಯಿತು. ಗಂಟೆಗಳು ತಗಡಾದವು. ಕಹಳೆ ಹೆಣ್ಣಿನ ದನಿಯಾಯಿತು. "ಅಣ್ಣ, ಕೈ ಮೇಲೆ ಮಾತ್ರ ಬೇಡ ಅಣ್ಣ." ಸ್ಪೀಕರು ನಿಂತಿತು. ಅವನ ಮುಖದ ನಗು ಎಲ್ಲಿಗೆ ಹೋಯಿತೋ.

ಎದ್ದವನೇ ಕಬ್ಬಿಣದ ಮೈಕ್ ಸ್ಟ್ಯಾಂಡು ಎತ್ತಿಕೊಂಡ. ಬಾಗಿಲ ಕಡೆ ನಡೆದ. ಅವಳು ಅಡ್ಡ ನಿಂತಳು. ಇವತ್ತು ಅವನ ತಲೆ ಒಡೆಯದೆ ಬಿಡುವುದಿಲ್ಲ ಎಂದ.

"ಒಡೆದ್ರೆ ನಿಮಗೂ ಅವನಿಗೂ ಏನು ವ್ಯತ್ಯಾಸ?" ಅಂದಳು. "ಅವತ್ತು ನಾನೂ ನಿಮಗೆ ಹೊಡೆದೆ. ಅದು ನಮ್ಮನೆ ಬುದ್ಧಿ. ನಂಗೆ ಅದು ಸಾಕಾಗಿದೆ."

ಸ್ಟ್ಯಾಂಡು ಕೆಳಗಿಳಿಯಿತು. ಈಗ ಅವನಿಗೆ ತನ್ನ ಮೇಲೇ ಹೇಸಿಗೆ. ಅವಳ ನೋವಿಗೆ ರಾಗ ಕಟ್ಟಿ ಚಪ್ಪರಿಸಿದ್ದನಲ್ಲ. ಕತ್ತರಿ ಹುಡುಕಿ ಟೇಪಿಗೆ ಹಾಕಲು ಹೋದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಇದು ಇಲ್ಲದಿದ್ದರೆ ನನ್ನ ಮಾತಿಗೆ ಸಾಕ್ಷಿ ಯಾರು ಎಂದು ಕೇಳಿದಳು. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಫೈಟಿನ ರೀಲು ನೋಡಲು ಅಣ್ಣ ಬರುತ್ತಾನೆ, ನಾನು ಅಮ್ಮನನ್ನು ಕರೆತರುತ್ತೇನೆ, ನೀವು ಯಂತ್ರದ ಹತ್ತಿರದ ಕುರ್ಚಿ ನನಗೆ ಬಿಡಿ, ಅಷ್ಟು ಸಾಕು ಎಂದಳು. ಹಿಡಿದ ಮಣಿಕಟ್ಟನ್ನು ಬಿಡುವುದು ಇಬ್ಬರಿಗೂ ಸ್ವಲ್ಪ ಹೊತ್ತು ಮರೆತುಹೋಯಿತು.

ಮರುದಿನ ಅಮ್ಮ ಒಳ್ಳೆಯ ಬಟ್ಟೆ ಉಟ್ಟು ಬಂದು ಸೋಫಾದಲ್ಲಿ ಕೂತಳು. ಮಗನ ಕೆಲಸ ನೋಡುವುದೆಂದರೆ ಅವಳಿಗೆ ಹೆಮ್ಮೆ. ಡೈರೆಕ್ಟರು ಮುಂದೆ, ಅಣ್ಣನ ಜೊತೆ ಬಂದ ಇಬ್ಬರು ಫೈಟರುಗಳು ಗೋಡೆಗೊರಗಿ. ತೆರೆಯ ಮೇಲೆ ನಾಯಕ ಮುಷ್ಟಿ ಬೀಸಿದ. ಏಟಿನ ಸದ್ದಿಗೆ ಡೈರೆಕ್ಟರು ಕುರ್ಚಿಯಲ್ಲೇ ಮುದುಡಿಕೊಂಡರು. ಅಣ್ಣ ತೊಡೆ ತಟ್ಟಿದ.

"ಏಟು ಅಂದ್ರೆ ಇದು," ಅಂದ. "ಎಲ್ಲಿ ಸಿಕ್ತಪ್ಪಾ ಇದು?"

"ನಮ್ಮನೇಲಿ, ಅಣ್ಣ," ಅಂದು ಅವಳು ವೇಗದ ಸ್ವಿಚ್ಚು ತಿರುಗಿಸಿದಳು.

ಕೋಣೆ ತುಂಬ ಅವಳ ದನಿ. ಕೈ ಮೇಲೆ ಮಾತ್ರ ಬೇಡ ಅಣ್ಣ. ಎಕೋ ಅದನ್ನು ಹಿಡಿದು ಮತ್ತೆ ಹೇಳಿತು, ಮತ್ತೆ, ಮತ್ತೆ, ಒಂದರ ಮೇಲೊಂದು ಏರಿ ಕೊನೆಗೆ ಇಡೀ ಗೋಡೆಯೇ ಅರಚುತ್ತಿತ್ತು. ಅಣ್ಣ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ದೊಡ್ಡ ಸಿಂಥಸೈಜರನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿದ. ಕೀಲಿಗಳು ಹಲ್ಲು ಉದುರಿದಂತೆ ಉದುರಿದವು. ಮರುಕ್ಷಣ ಅವಳ ಎಡಗೈ ಅವನ ಮುಷ್ಟಿಯಲ್ಲಿತ್ತು. ಕಿರುಬೆರಳು ಹಿಂದಕ್ಕೆ ಬಾಗಿತು. ಲಟಕ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು.

ವೈರಪ್ಪ ನಡುವೆ ನುಗ್ಗಿದ. ಕೈ ಎತ್ತಲಿಲ್ಲ. ಅವಳ ಉಳಿದ ಬೆರಳುಗಳನ್ನು ತನ್ನ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು ಬೆನ್ನು ತಿರುಗಿಸಿ ನಿಂತ. ಏಟುಗಳು ಅವನ ಬೆನ್ನಿಗೆ ಬಿದ್ದವು, ಕುತ್ತಿಗೆಗೆ ಬಿದ್ದವು. ದವಡೆಗೆ ಬಿದ್ದದ್ದು ಮೂಳೆ ಮುರಿಯಿತು. ಬಾಯಿಯಿಂದ ರಕ್ತ ಇಳಿದು ಅವಳ ಮುಂಗೈ ಒದ್ದೆಯಾಯಿತು, ಆದರೂ ಅವನು ಹಿಡಿತ ಬಿಡಲಿಲ್ಲ. ಕೊನೆಗೆ ಆ ಇಬ್ಬರು ಫೈಟರುಗಳೇ ತಮ್ಮ ಗುರುವನ್ನು ಕೆಡವಿ ಮೇಲೆ ಕೂತರು.

ಡೈರೆಕ್ಟರು ಪೊಲೀಸರಿಗೆ ಫೋನು ಮಾಡಿ, ಏನು ಹೇಳಬೇಕೆಂದು ತಡವರಿಸುತ್ತಿದ್ದರು. ಅಮ್ಮ ಎದ್ದು ಬಂದಳು. ಫೋನಿಗೆ ಕೈ ಚಾಚಿದಳು.

"ನಾನು ಅವನ ತಾಯಿ," ಅಂದಳು. "ಎಲ್ಲಾ ಸಲಾನೂ ನಂಗೆ ಕೇಳಿಸ್ತಿತ್ತು. ಟಿವಿ ಸೌಂಡು ಜಾಸ್ತಿ ಮಾಡ್ಕೊಂಡು ಕೂತಿರ್ತಿದ್ದೆ. ಬನ್ನಿ, ನಾನೇ ಹೇಳ್ತೀನಿ."

ಅಣ್ಣ ನೆಲದಿಂದ ತಲೆ ಎತ್ತಿ ಅಮ್ಮನನ್ನು ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ.

ಟೇಪು ಠಾಣೆಗೆ ಹೋಯಿತು, ಅಣ್ಣನೂ ಹೋದ. ತಾಯಿ ಮಗಳು ಬೇರೆ ಮನೆ ಹಿಡಿದರು. ಆ ಏಟಿನ ಒಂದು ಕಾಪಿ ಸಿಕ್ಕರೆ ಸಿನಿಮಾಗೆ ಚೆನ್ನಾಗಿರುತ್ತಿತ್ತು ಎಂದು ಡೈರೆಕ್ಟರು ನಾಚಿಕೆ ಬಿಟ್ಟು ಕೇಳಿಯೇಬಿಟ್ಟರು. ಅದು ನನ್ನ ದನಿ, ಕೊಡುವುದಿಲ್ಲ ಎಂದಳು ಅವಳು. ವೈರಪ್ಪ ತನ್ನ ಹತ್ತಿರವಿದ್ದ ಕಾಪಿಯನ್ನೆಲ್ಲ ಅವಳ ಎದುರಿಗೇ ಅಳಿಸಿದ. ಹನ್ನೊಂದು ಫೈಟುಗಳಿಗೂ ಮುರಿದ ಸಿಂಥಸೈಜರಿನ ತಗಡಿನ ಬೆನ್ನನ್ನು ಬಡಿದು, ರಿವರ್ಬಿನ ಸ್ಪ್ರಿಂಗಿನಲ್ಲಿ ಅದ್ದಿ ಬೇರೆ ಏಟು ಮಾಡಿಕೊಟ್ಟ. ಹಲ್ಲು ನೋಯಲಿಲ್ಲವಂತೆ. ನೋಯದಿದ್ದರೆ ಒಳ್ಳೆಯದೇ.

ಅವನ ದವಡೆಯನ್ನು ತಂತಿಯಿಂದ ಬಿಗಿದಿದ್ದರು. ಆರು ವಾರ ಮಾತಿಲ್ಲ, ನಳಿಗೆಯಲ್ಲಿ ಹಾಲು. ಅವಳು ದಿನವೂ ಮಧ್ಯಾಹ್ನ ಬಂದು, ಕಿರುಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಒಂಬತ್ತು ಬೆರಳಲ್ಲಿ ಸಿಂಥಸೈಜರನ್ನು ಮತ್ತೆ ಜೋಡಿಸಿದಳು. ಅವನು ಸ್ಕ್ರೂ ಎತ್ತಿಕೊಡುವವನು. ಬೇಕಾದ ಸ್ಕ್ರೂ ಕೊಡದೆ ಬೇರೆಯದನ್ನು ಕೊಟ್ಟು ಕಣ್ಣಲ್ಲೇ ನಗುವವನು.

ಐದನೆಯ ವಾರದ ಒಂದು ದಿನ ಯಂತ್ರಕ್ಕೆ ಜೀವ ಬಂತು. ಅವಳು ಕೈ ಒರೆಸಿಕೊಂಡು ಅವನ ಪಕ್ಕ ಕೂತಳು.

"ನಿಮಗೆ ಮಾತು ಬರದೇ ಇರೋದು ಒಳ್ಳೇದೇ ಆಯ್ತು, ನಾನೇ ಮಾತಾಡಿಬಿಡ್ತೀನಿ. ನಂಗೆ ನೀವು ಬೇಕು. ಅಮ್ಮ ನನ್ನ ಜೊತೇಲೇ ಇರ್ತಾಳೆ. ಕೆಲಸ ಬಿಡಲ್ಲ. ಮನೇಲಿ ಯಾರೂ ಯಾರ ಮೇಲೂ ಕೈ ಎತ್ತೋ ಹಾಗಿಲ್ಲ, ನಾನೂ ಸೇರಿ. ಒಪ್ಪಿಗೆ ಇದ್ರೆ ಒಂದು ಕೀ ಒತ್ತಿ. ಇಲ್ಲಾಂದ್ರೆ ಸುಮ್ನಿರಿ, ನಂಗೆ ಅರ್ಥ ಆಗುತ್ತೆ."

ಅವನು ಒತ್ತಲಿಲ್ಲ. ಅವಳು ಏಳಲು ಹೊರಟಳು. ಅವನು ನಿಧಾನವಾಗಿ ಅವಳ ಎಡಗೈ ತೆಗೆದುಕೊಂಡ. ಯಾರು ಕೈ ಹಿಡಿದರೂ ಮೈಯೆಲ್ಲ ಮರಗಟ್ಟುತ್ತಿದ್ದವಳಿಗೆ ಈ ಸಲ ಹಾಗಾಗಲಿಲ್ಲ. ಪಟ್ಟಿ ಕಟ್ಟಿದ ಬೆರಳನ್ನು ಜೋಪಾನವಾಗಿ ಪಕ್ಕಕ್ಕಿರಿಸಿ, ಅವಳ ತೋರುಬೆರಳನ್ನು ಕೀಲಿಯ ಮೇಲಿಟ್ಟು, ಅದರ ಮೇಲೆ ತನ್ನ ಬೆರಳಿಟ್ಟು ಒತ್ತಿದ.

ಸ್ವರ ಎದ್ದು ಕೋಣೆ ತುಂಬಿತು. ಶ್ರುತಿ ಸ್ವಲ್ಪ ಇಳಿದಿದೆ, ಸರಿ ಮಾಡಬೇಕು ಎಂದಳು, ಅಳುತ್ತಲೇ. ಅವನು ಆಗಲಿ ಎಂದು ತಲೆಯಾಡಿಸಿದ. ಆದರೆ ಬೆರಳು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.