ಬಿದ್ದ ಕಂಬಗಳ ಹೂವು

"ಮಿಸ್, ಇದು ಸುಳ್ಳು ಫೋಟೋ," ಎಂದ ಅಶ್ವತ್ಥ್, ಕೈಯೆತ್ತುವ ಮರ್ಯಾದೆಯನ್ನೂ ತೋರಿಸದೆ.

ಆರನೇ ಕ್ಲಾಸಿನ ಗೋಡೆಯ ಮೇಲೆ ತೇಜಸ್ವಿನಿಯ ಚಾರ್ಟ್ ಇತ್ತು. ಅದರ ನಡುವೆ ದೊಡ್ಡದೊಂದು ಫೋಟೋ. ಸಾಲುಸಾಲು ಹೂವು, ಒಂದೊಂದಕ್ಕೂ ನಾಲ್ಕು ಎಸಳು. ಕೆಲವು ಕೆಂಪು, ಕೆಲವು ಅರಿಸಿನದ ಹಳದಿ, ಸುತ್ತ ಹಸಿರು. ನಿಜಕ್ಕೂ ಅವು ಹೂವಲ್ಲ, ಸಿಲಿಕಾನ್ ಚೂರೊಂದರ ಮೇಲೆ ಕೆತ್ತಿದ ನ್ಯಾನೋ ಕಂಬಗಳು. ಒಂದು ತಲೆಕೂದಲಿನ ದಪ್ಪದಲ್ಲಿ ಅಂಥ ನೂರು ಕಂಬ ಸಾಲಾಗಿ ಹಿಡಿಸುತ್ತವೆ. ಮೈಕ್ರೋಸ್ಕೋಪಿನಲ್ಲಿ ಆ ಫೋಟೋ ತೆಗೆದವಳು ತೇಜಸ್ವಿನಿಯ ಚಿಕ್ಕಮ್ಮ ಕಲಾವತಿ. ಯಶವಂತಪುರದ ಹತ್ತಿರ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ.

"ಸುಳ್ಳು ಅಂದ್ರೆ?" ರಾಧಾಮಣಿ ಮಿಸ್ ಕೇಳಿದರು.

"ಸೋಲದೇವನಹಳ್ಳಿ ಕಾಲೇಜಲ್ಲಿ ಓದ್ತಾನಲ್ಲ ನಮ್ಮಣ್ಣ, ಅವ್ನು ಹೇಳ್ದ ಮಿಸ್. ಆ ಮೈಕ್ರೋಸ್ಕೋಪಲ್ಲಿ ಬಣ್ಣಾನೇ ಬರಲ್ವಂತೆ. ಎಲ್ಲಾ ಬ್ಲ್ಯಾಕ್ ಅಂಡ್ ವೈಟ್. ಇವ್ಳು ಕಂಪ್ಯೂಟರಲ್ಲಿ ಪೇಂಟ್ ಹೊಡ್ದಿದಾಳೆ."

"ಹೊಡ್ದಿಲ್ಲ. ನ್ಯಾನೋ ಕಂಬ ಇರೋದೇ ಹಂಗೆ," ಎಂದಳು ತೇಜಸ್ವಿನಿ.

"ನ್ಯಾನೋ ಅಂದ್ರೆ ಕಾರು ಕಣೇ." ಅವನು ಸೊಂಟದ ಮೇಲೆ ಕೈಯಿಟ್ಟು, ಮೂಗು ಮೇಲೆ ಮಾಡಿ, ರಾಗ ಎಳೆದ. "ನಮ್ ಚಿಕ್ಕಮ್ಮಾ ದೊಡ್ಡ್ ಸೈಂಟಿಸ್ಟೂ..."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ದನಿ ಎಷ್ಟು ಸರಿಯಾಗಿ ಬಂದಿತ್ತೆಂದರೆ, ತಾನೇ ಮಾತಾಡಿದೆನೇನೋ ಎಂದು ತೇಜಸ್ವಿನಿಗೇ ಅನುಮಾನವಾಯಿತು. ಅವಳಿಗೆ ಇನ್ನಷ್ಟು ಉರಿಯಿತು.

ಮಿಸ್ ಒಂದೊಂದೇ ಪಿನ್ನು ಕಿತ್ತು ಚಾರ್ಟನ್ನು ಸುರುಳಿ ಸುತ್ತಿ ಅವಳ ಕೈಗಿಟ್ಟರು. "ಬಣ್ಣ ಎಲ್ಲಿಂದ ಬಂತು ಅಂತ ನಾಳೆ ತಿಳ್ಕೊಂಡು ಬಾ. ಇಲ್ಲಾಂದ್ರೆ ಜಾಲಹಳ್ಳಿ ಸೈನ್ಸ್ ಎಕ್ಸಿಬಿಷನ್‌ಗೆ ಇದರ ಬದಲು ಅಶ್ವತ್ಥನ ಜ್ವಾಲಾಮುಖಿ ಮಾಡೆಲ್ ಹೋಗುತ್ತೆ."

ಆ ಜ್ವಾಲಾಮುಖಿ ಉಕ್ಕಿಸುತ್ತಿದ್ದುದು ಬರೀ ಅಡುಗೆ ಸೋಡಾ. ಅಸಲಿ ಜ್ವಾಲಾಮುಖಿ ಯಲಹಂಕದ ಮನೆಗೆ ನಡೆದುಕೊಂಡು ಹೋಯಿತು. ಬಾಗಿಲು ದಢಾರ್ ಎಂದಿತು; ಶೂ ಒಂದು ಮೂಲೆಗೆ, ಚೀಲ ಇನ್ನೊಂದು ಮೂಲೆಗೆ ಹಾರಿತು.

"ಯಾಕವ್ವಾ ಇಂಗೆ ಬಾಗ್ಲು ಬಡೀತೀಯ? ಬಾಗ್ಲೇನ್ ಮಾಡ್ತು ನಿಂಗೆ?" ಅಜ್ಜಿ ಮುನಿವೆಂಕಟಮ್ಮ ಅವರೆಕಾಯಿ ಸುಲಿಯುತ್ತಲೇ ಕೇಳಿದರು.

ತೇಜಸ್ವಿನಿ ಸಿಟ್ಟನ್ನು ಚಿಕ್ಕಮ್ಮನಿಗೆಂದೇ ಎತ್ತಿಟ್ಟುಕೊಂಡಿದ್ದಳು. ಸಂಜೆ ಕಲಾವತಿ ಇನ್ನೂ ಚಪ್ಪಲಿ ಬಿಡುತ್ತಿದ್ದಳು, ಅಷ್ಟರಲ್ಲೇ ತೇಜಸ್ವಿನಿ ಕೇಳಿದಳು: "ಬಣ್ಣ ಯಾರು ಹಾಕಿದ್ದು?"

"ನಾನೇ. ಆ ಮೈಕ್ರೋಸ್ಕೋಪ್ ಬೆಳಕಲ್ಲಿ ನೋಡಲ್ಲ ಕಣೇ, ಎಲೆಕ್ಟ್ರಾನಲ್ಲಿ ನೋಡುತ್ತೆ. ಅದಕ್ಕೆ ಬಣ್ಣ ಅಂದ್ರೇನು ಅಂತಾನೇ ಗೊತ್ತಿಲ್ಲ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು? ಚೆನ್ನಾಗಿದೆ ಕೊಡು ಅಂತ ಕಿತ್ಕೊಂಡು ಓಡಿದೆ."

"ಇಡೀ ಕ್ಲಾಸು ನನ್ನ ಸುಳ್ಬುರುಕಿ ಅಂತು. ಹಂಗಾದ್ರೆ ಹೂವೂ ಸುಳ್ಳಾ? ಅದನ್ನೂ ನೀನೇ ಬರ್ದ್ಯಾ?"

ಈಗ ಚಿಕ್ಕಮ್ಮನ ಮುಖವೂ ಕೆಂಪಾಯಿತು. "ಹೂವಾಗ್ಲಿ ಅಂತ ಯಾರೇ ಮಾಡಿದ್ದು? ಅವು ನೆಟ್ಟಗೆ ನಿಲ್ಬೇಕಿತ್ತು. ಇಡೀ ಬೇಸಿಗೆ ಕೂತು ಮಾಡಿದ ಕಂಬಗಳು. ಕೊನೇಲಿ ನೀರಲ್ಲಿ ತೊಳ್ದು ಒಣಗಿಸ್ದಾಗ ಎಲ್ಲಾ ಒಂದರ ಮೇಲೊಂದು ಒರಗ್ಬಿಟ್ವು. ನಮ್ ಲ್ಯಾಬ್ ಸರ್ ಮುಖ ನೋಡ್ಬೇಕಿತ್ತು. ಕಂಪ್ಯೂಟರ್ ಒಡೆಯೋಷ್ಟು ಸಿಟ್ಟು ಬಂದಿತ್ತು ನಂಗೆ. ಒಡೆಯೋಕಾಗ್ದೆ ಬಣ್ಣ ಹಾಕ್ತಾ ಕೂತೆ."

ಅವಳು ಬೀರುವಿನಿಂದ ಒಂದು ಪ್ರಿಂಟ್ ತೆಗೆದು ಮಂಚದ ಮೇಲೆ ಎಸೆದಳು. "ತಗೋ, ಅಸಲು. ಇದನ್ನೇ ತೋರ್ಸು ಹೋಗು."

ಅದು ಒಲೆಬೂದಿಯ ಬಣ್ಣದ್ದು. ತೇಜಸ್ವಿನಿ ಅದನ್ನು ಸರಿಯಾಗಿ ನೋಡಲೂ ಇಲ್ಲ. ಪೇಂಟ್ ಡಬ್ಬಿ ತೆಗೆದಳು. ಇಡೀ ಕಾಗದಕ್ಕೆ ಕಪ್ಪು ಬಳಿದುಬಿಡಬೇಕು. ಅಸಲೂ ಬೇಡ, ನಕಲೂ ಬೇಡ. ಅವಳ ಹಳೆಯ ಬ್ರಷ್ಷಿನ ಕೂದಲು, ಬೆಳಿಗ್ಗೆ ಎದ್ದಾಗಿನ ಅವಳ ತಲೆಯಂತೆಯೇ ಕೆದರಿಕೊಂಡಿತ್ತು. ಲೋಟದ ನೀರಿಗೆ ಅದ್ದಿ ಎತ್ತಿದಳು.

ಕೆದರಿದ್ದ ಕೂದಲೆಲ್ಲ ಬಾಗಿ, ತುದಿ ಸೇರಿಸಿಕೊಂಡು ನಿಂತಿದ್ದವು.

ಬಟ್ಟೆಗೆ ಒರೆಸಿದಳು, ಕೆದರಿದವು. ಮತ್ತೆ ಅದ್ದಿದಳು, ಮತ್ತೆ ಕೂಡಿಕೊಂಡವು. ಯಾರೂ ಅಂಟು ಹಚ್ಚಿರಲಿಲ್ಲ. ಬರೀ ನೀರು.

ಅವಳು ಪ್ರಿಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾಲ್ಕು ನಾಲ್ಕು ಕಂಬ ತಲೆಗೆ ತಲೆ ತಾಗಿಸಿಕೊಂಡು, ಮೀಟಿಂಗ್ ಮಾಡುವ ಹುಡುಗಿಯರ ಹಾಗೆ ಬಾಗಿದ್ದವು. ಸಾಲು ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಗುಂಪುಗಳು. ಬಣ್ಣವಿಲ್ಲದೆಯೂ ಹೂವೇ. ಮೂಲೆಯಲ್ಲಿ ಮಾತ್ರ ಯಾವ ಗುಂಪಿಗೂ ಸೇರದ ಒಂದು ಕಂಬ ನೆಟ್ಟಗೆ ನಿಂತಿತ್ತು.

"ಚಿಕ್ಕಮ್ಮ, ಇದೊಂದು ಬಿದ್ದಿಲ್ಲ. ಬಣ್ಣದ್ದರಲ್ಲಿ ಇದು ಇರ್ಲೇ ಇಲ್ಲ."

ಕಲಾವತಿ ಬಂದು ಬಗ್ಗಿ ನೋಡಿದಳು. "ಇತ್ತು. ಹೂವಾಗ್ಲಿಲ್ಲ ಅಂತ ಅದರ ಮೇಲೆ ಹಸಿರು ಬಳ್ದ್ಬಿಟ್ಟೆ." ಮಂಚದ ಮೇಲೆ ಪಕ್ಕದಲ್ಲೇ ಕೂತು ಕೇಳಿದಳು: "ಸಿಟ್ಟು ಹೋಯ್ತಾ?"

"ಇಲ್ಲ."

"ನಂಗೂ ಹೋಗಿಲ್ಲ."

ಇಬ್ಬರೂ ಒಂದೇ ಮಂಚದ ಮೇಲೆ, ಒಂದೇ ಪ್ರಿಂಟಿನ ಮೇಲೆ ಬಗ್ಗಿಕೊಂಡೇ ಇದ್ದರು. ಅಜ್ಜಿ ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ಮಾರನೆಯ ದಿನ ಚಾರ್ಟಿನ ಮೇಲೆ ಅಕ್ಕಪಕ್ಕ ಎರಡು ಚಿತ್ರಗಳಿದ್ದವು. ಅಶ್ವತ್ಥ್ ಆಗಲೇ ಸೊಂಟದ ಮೇಲೆ ಕೈಯಿಟ್ಟು ರೆಡಿಯಾಗಿದ್ದ.

"ಬಣ್ಣ ನಮ್ ಚಿಕ್ಕಮ್ಮ ಹಾಕಿದ್ದು ಮಿಸ್. ಅಶ್ವತ್ಥ್ ಹೇಳಿದ್ದು ಸರಿ." ಆ ಮಾತನ್ನು ಅವನ ಕಡೆ ತಿರುಗದೆಯೇ ಹೇಳಿದಳು. "ಆದ್ರೆ ಹೂವು ಯಾರೂ ಬರೆದಿದ್ದಲ್ಲ. ತೊಳ್ದ ನೀರು ಒಣಗುವಾಗ ಕಂಬಗಳು ಅವೇ ಬಿದ್ದಿದ್ದು. ಹಿಂಗೆ."

ವಾಟರ್ ಬಾಟಲಿನ ಮುಚ್ಚಳಕ್ಕೆ ನೀರು ಹಾಕಿ, ಕೆದರಿದ ಬ್ರಷ್ಷನ್ನು ಅದ್ದಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಮಿಸ್ ಬ್ರಷ್ಷನ್ನು ನೋಡಿದರು, ಬೂದಿ ಬಣ್ಣದ ಚಿತ್ರ ನೋಡಿದರು. ಆಮೇಲೆ ಡ್ರಾಯರ್ ಎಳೆದು ಚಾರ್ಟನ್ನು ಮತ್ತೆ ಗೋಡೆಗೆ ಹಚ್ಚಲು ಪಿನ್ನುಗಳನ್ನು ಹುಡುಕತೊಡಗಿದರು.

ಅಶ್ವತ್ಥನ ಕೈ ಯಾವಾಗಲೋ ಸೊಂಟದಿಂದ ಜಾರಿತ್ತು. ಬೆಂಚಿನ ಮೇಲಿಂದ ಅರ್ಧ ಮೈ ಮುಂದಕ್ಕೆ ಚಾಚಿದ್ದ.

"ಇನ್ನೊಂದ್ಸಲ ಮಾಡೇ," ಎಂದ. ಈ ಸಲ ಅದು ಅವನದೇ ದನಿ.

ತೇಜಸ್ವಿನಿಗೆ ಅವನ ಮೇಲೆ ಇನ್ನೂ ಸಿಟ್ಟಿತ್ತು. ಆದರೂ ಬ್ರಷ್ಷನ್ನು ಲಂಗಕ್ಕೆ ಒರೆಸಿ, ಕೂದಲನ್ನು ಚೆನ್ನಾಗಿ ಕೆದರಿ, ಮತ್ತೆ ನೀರಿಗೆ ಅದ್ದಿದಳು.